ಮನೆಯಲ್ಲ, ರೊಟ್ಟಿಯ ಹಂಚು

ಹೈದರಾಬಾದಿನಲ್ಲಿ ಮನೆ ಕೊಳ್ಳಹೊರಟ ನಮ್ಮ ಬಂಧುಗಳು ಬಿಲ್ಡರನ ಮುಂದೆ ಕುಳಿತು ಕೇಳುವ ಪ್ರಶ್ನೆಗಳನ್ನು ಯಾರಾದರೂ ಬರೆದಿಟ್ಟರೆ ಒಂದು ಒಳ್ಳೆಯ ಹಾಸ್ಯಲೇಖನವೇ ಆದೀತು. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ, ಈಶಾನ್ಯದ ಮೂಲೆ ತಗ್ಗಿದೆಯೇ, ಒಲೆ ಆಗ್ನೇಯದಲ್ಲಿದೆಯೇ, ದೇವರ ಗೂಡಿಗೆ ಜಾಗ ಬಿಟ್ಟಿದ್ದೀರಾ? ಮಂಜೀರಾ ನೀರು ಬರುತ್ತದೋ, ಟ್ಯಾಂಕರೇ ಗತಿಯೋ? ಮೆಟ್ರೋ ಎಷ್ಟು ದೂರ? ನೆಲಕ್ಕೆ ಹಾಕುವ ಟೈಲು ಎರಡಡಿಯದೋ ನಾಲ್ಕಡಿಯದೋ? ಈ ಕೊನೆಯ ಪ್ರಶ್ನೆಯ ಮೇಲೆ ಗಂಡಹೆಂಡಿರ ನಡುವೆ ಅರ್ಧಗಂಟೆ ಚರ್ಚೆ ನಡೆಯುವುದೂ ಉಂಟು. ಆದರೆ, "ಅಯ್ಯಾ, ನಮ್ಮ ತಲೆಯ ಮೇಲಿನ ಈ ಸ್ಲ್ಯಾಬಿನ ಮೇಲೆ ನೀನು ಏನು ಹೊದಿಸಿದ್ದೀಯೆ?" ಎಂದು ಕೇಳುವವರು ನೂರರಲ್ಲಿ ಒಬ್ಬರೂ ಇಲ್ಲ. ಕೇಳಿದ್ದರೆ ಅವನು ತಬ್ಬಿಬ್ಬಾಗುತ್ತಿದ್ದ. ಏಕೆಂದರೆ ಅವನು ಹೊದಿಸಿರುವುದು ಏನೂ ಇಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ಈ ಒಂದು ಪ್ರಶ್ನೆಯನ್ನು ಕುರಿತೇ. ಐದಾರು ಅಂಗುಲ ದಪ್ಪದ ಕಾಂಕ್ರೀಟು ಸ್ಲ್ಯಾಬನ್ನು ಹೊದಿಕೆಯಿಲ್ಲದೆ ಬಿಸಿಲಿಗೆ ಒಡ್ಡಿ, ಅದರ ಕೆಳಗೆ ಹೆಂಡಿರುಮಕ್ಕಳನ್ನೂ ವಯಸ್ಸಾದ ತಂದೆತಾಯಿಗಳನ್ನೂ ಇರಿಸುವ ಮನೆಯನ್ನು ಮನೆ ಎಂದು ಕರೆಯಲು ನಮಗೆ ಮನಸ್ಸಿಲ್ಲ. ನಮ್ಮ ಕಡೆಯವರ ಅಡಿಗೆಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ: ಹಂಚು. ವ್ಯತ್ಯಾಸವಿಷ್ಟೆ. ರೊಟ್ಟಿಯ ಹಂಚಿಗೆ ಬೆಂಕಿ ಕೆಳಗಿರುತ್ತದೆ, ಈ ಹಂಚಿಗೆ ಮೇಲಿರುತ್ತದೆ.

ಕಾಂಕ್ರೀಟಿನ ಸ್ವಭಾವ ವಿಚಿತ್ರವಾದುದು. ಅದು ಬಿಸಿಲನ್ನು ಒಡನೆಯೇ ಒಳಗೆ ಬಿಡುವುದಿಲ್ಲ. ಹಗಲೆಲ್ಲ ಕುಡಿದುಕೊಂಡು, ನಾಲ್ಕೈದು ಗಂಟೆ ತಡಮಾಡಿ, ಸಂಜೆಯಾದ ಮೇಲೆ ಕೆಳಗೆ ಇಳಿಸತೊಡಗುತ್ತದೆ. ಆದ್ದರಿಂದಲೇ ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ಗಾಳಿ ತಂಪಾಗಿದ್ದರೂ ಮೇಲಂತಸ್ತಿನ ಮಲಗುವ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಕೇಂದ್ರ ಸರಕಾರ 2018ರ ಡಿಸೆಂಬರಿನಲ್ಲಿ ವಾಸದ ಮನೆಗಳಿಗಾಗಿ ಹೊರತಂದ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯಲ್ಲಿ, ಛಾವಣಿಯ ಪ್ರತಿ ಚದರ ಮೀಟರಿನ ಮೂಲಕ, ಒಳಗಿಗೂ ಹೊರಗಿಗೂ ಇರುವ ಪ್ರತಿ ಡಿಗ್ರಿ ಅಂತರಕ್ಕೆ, 1.2 ವ್ಯಾಟಿಗಿಂತ ಹೆಚ್ಚು ಶಾಖ ಇಳಿಯಕೂಡದು ಎಂದಿದೆ. ಬರಿಯ ಆರಂಗುಲದ ಸ್ಲ್ಯಾಬಿನಲ್ಲಿ ಇಳಿಯುವುದು ಮೂರಕ್ಕೂ ಮಿಕ್ಕಿ. ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಅದೇ ಸ್ಲ್ಯಾಬಿನ ಮೇಲೆ ಎರಡಂಗುಲದ ಗಟ್ಟಿ ಪಾಲಿಸ್ಟೈರೀನ್ ಹಲಗೆ ಹಾಸಿದರೆ ಅದು ಸುಮಾರು ಅರ್ಧ ವ್ಯಾಟಿಗೆ ಇಳಿಯುತ್ತದೆ. ಇದರಲ್ಲಿ ರಾಕೆಟ್ ವಿದ್ಯೆ ಏನೂ ಇಲ್ಲ. ಐಸ್‌ಕ್ರೀಮ್ ಮಾರುವವನ ಪೆಟ್ಟಿಗೆಯಲ್ಲಿರುವ ವಿದ್ಯೆಯೇ ಇದು. ಐಸ್‌ಕ್ರೀಮಿಗೆ ಸಿಗುವ ಮರ್ಯಾದೆ ಮನುಷ್ಯನಿಗೂ ಸಿಗಲಿ ಎಂದಷ್ಟೇ ನಮ್ಮ ಬೇಡಿಕೆ.

ನಮ್ಮಲ್ಲಿ ಬಹುಮಂದಿ ಬೀದರ, ಕಲಬುರಗಿ, ರಾಯಚೂರು, ಯಾದಗಿರಿಯ ಕಡೆಯವರು. 1956ರವರೆಗೆ ಆ ಸೀಮೆಯೂ ಈ ನಗರವೂ ಒಂದೇ ರಾಜ್ಯದಲ್ಲಿದ್ದುವು. ಅಜ್ಜಂದಿರಿಗೆ ಹೈದರಾಬಾದು ಪರಸ್ಥಳವಾಗಿರಲಿಲ್ಲ. ಆ ಅಜ್ಜಂದಿರು ಮನೆ ಕಟ್ಟುವಾಗ ಮೊದಲು ಯೋಚಿಸುತ್ತಿದ್ದುದೇ ಮಾಳಿಗೆಯನ್ನು. ತೊಲೆ, ಜಂತಿ, ಅದರ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು. ನಡುವೆ ಒಂದು ಬೆಳಕಿಂಡಿ. ಅದರಿಂದ ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಏರಿ ಹೊರಗೆ ಹೋಗುತ್ತಿತ್ತು. ಬಿರುಬೇಸಿಗೆಯ ಮಧ್ಯಾಹ್ನ ಹೊಲದಿಂದ ಬಂದವನು ನಡುಮನೆಯ ನೆಲದ ಮೇಲೆ ಅಂಗವಸ್ತ್ರ ಹಾಸಿ ಮಲಗಿದರೆ ಕೂಡಲೇ ನಿದ್ದೆ. ಈ ನಗರದಲ್ಲಿಯೂ ಅಷ್ಟೆ. ಕಾಚಿಗುಡ, ಸುಲ್ತಾನ್ ಬಜಾರಿನ ಹಳೆಯ ಗಚ್ಚಿನ ಮನೆಗಳಲ್ಲಿ ಗೋಡೆ ದಪ್ಪ, ಸೂರು ಎತ್ತರ, ನಡುವೆ ಅಂಗಳ. ಅವನ್ನು ಕಟ್ಟಿದವರು ಯಾವ ಸಂಹಿತೆಯನ್ನೂ ಓದಿರಲಿಲ್ಲ, ಬೆವರನ್ನು ಮಾತ್ರ ಬಲ್ಲವರಾಗಿದ್ದರು.

ಹಾಗಾದರೆ ಮತ್ತೆ ಮಣ್ಣಿನ ಮಾಳಿಗೆ ಕಟ್ಟೋಣವೇ ಎಂದು ಯಾರಾದರೂ ಕುಹಕವಾಡಿದರೆ, ಬೇಡ ಎಂಬುದೇ ನಮ್ಮ ಉತ್ತರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಹತ್ತು ಸಾವಿರದಷ್ಟು ಜನ ಸತ್ತದ್ದು ಇಂಥವೇ ಮನೆಗಳ ಕೆಳಗೆ: ಗಾರೆಯಿಲ್ಲದ ಕಲ್ಲುಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣು. ನಮ್ಮ ಬೀದರ, ಕಲಬುರಗಿಯ ಜನ ಅಂದು ಬೆಳಗಿನ ಜಾವ ಬೀದಿಗೆ ಓಡಿಬಂದದ್ದನ್ನು ಮರೆತಿಲ್ಲ. ಭಾರ ಬೇಡ ಎಂದು ಮಣ್ಣನ್ನು ಬಿಟ್ಟದ್ದು ಸರಿಯೇ. ಆದರೆ ಮಣ್ಣು ಮಾಡುತ್ತಿದ್ದ ಕೆಲಸವನ್ನೂ ಅದರ ಜೊತೆಗೇ ಬಿಟ್ಟುಬಿಟ್ಟೆವಲ್ಲ, ಅದಕ್ಕೇನೆನ್ನಬೇಕು? ಮೊಳದ ಮಣ್ಣು ತಡೆಯುತ್ತಿದ್ದ ಶಾಖವನ್ನು ಒಂದು ಮಗು ಎತ್ತಬಲ್ಲಷ್ಟು ಹಗುರವಾದ ಹಲಗೆ ತಡೆಯುವಾಗ, ಭಾರವೂ ಇಲ್ಲದೆ ತಂಪೂ ಇಲ್ಲದೆ ಕಟ್ಟುವುದಕ್ಕೆ ಸೋಮಾರಿತನ ಮತ್ತು ಜಿಪುಣತನಗಳ ಹೊರತು ಬೇರೆ ಕಾರಣ ನಮಗೆ ಕಾಣುವುದಿಲ್ಲ.

ಇನ್ನು ಜನ ತಾವಾಗಿಯೇ ಕಂಡುಕೊಂಡಿರುವ ಉಪಾಯವನ್ನು ನೋಡಿ. ಮನೆ ಕಾಯುತ್ತದೆ ಎಂದು ಒಂದು ಬೇಸಿಗೆಯಲ್ಲಿ ತಿಳಿದ ಕೂಡಲೇ ಟೆರೇಸಿನ ಮೇಲೆ ನಾಲ್ಕು ಕಬ್ಬಿಣದ ಕೊಳವೆ ನಿಲ್ಲಿಸಿ ತಗಡಿನ ಶೆಡ್ಡು ಹಾಕಿಸುತ್ತಾರೆ. ನೆರಳೂ ಆಯಿತು, ಹಪ್ಪಳ ಒಣಗಿಸಲು ಜಾಗವೂ ಆಯಿತು, ಮುಂದೆ ಬಾಡಿಗೆಗೆ ಒಂದು ಕೋಣೆಯೂ ಆದೀತು ಎಂಬ ದೂರದೃಷ್ಟಿ. ತಗಡು ಹಾರದಂತೆ ಅದರ ಮೇಲೆ ಕಲ್ಲು, ಹಳೆಯ ಟಯರು, ಒಡೆದ ಒರಳು. ಕುಕಟ್‌ಪಲ್ಲಿಯಿಂದ ಉಪ್ಪಲಿನವರೆಗೆ ಮೆಟ್ರೋ ಕಿಟಕಿಯಿಂದ ಕಣ್ಣುಹಾಯಿಸಿದರೆ ಈ ಪ್ರದರ್ಶನ ಉಚಿತ.

ಈ ಊರಿನ ಗಾಳಿಯನ್ನು ಇವರು ಏನೆಂದು ತಿಳಿದಿದ್ದಾರೆ? ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ಯಾವ ಊರಿನ ಕಟ್ಟಡ ಎಷ್ಟು ಗಾಳಿಗೆ ತಡೆದುಕೊಳ್ಳಬೇಕೆಂದು ಪಟ್ಟಿಯಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು. ಹೈದರಾಬಾದಿಗೆ 44 ಮೀಟರು, ಅಂದರೆ ಗಂಟೆಗೆ 158 ಕಿಲೋಮೀಟರು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಬೆಂಗಳೂರಿನ ಮನೆ ತಡೆಯಬೇಕಾದ ಹೊಡೆತಕ್ಕಿಂತ ಇಲ್ಲಿಯ ಮನೆ ಮುಕ್ಕಾಲು ಪಾಲಿಗೂ ಹೆಚ್ಚು ಹೊಡೆತ ತಡೆಯಬೇಕು. ಬೆಂಗಳೂರಿನ ಭಾವಮೈದುನನ ಮನೆಯ ಟೆರೇಸನ್ನು ನೋಡಿಬಂದು ಇಲ್ಲಿಯೂ ಹಾಗೆಯೇ ಶೆಡ್ಡು ಎಬ್ಬಿಸುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಗಲಿನ ಕಾವು ಏರಿದ ದಿನವೇ ಸಂಜೆ ಮೋಡ ಕಟ್ಟುತ್ತದೆ, ಧೂಳೇಳುತ್ತದೆ, ಹತ್ತು ನಿಮಿಷದಲ್ಲಿ ಮರ ಮಲಗುತ್ತದೆ. 2024ರ ಮೇ 26ರ ಭಾನುವಾರ ಇಂಥದೇ ಗಾಳಿಮಳೆಗೆ ಗೋಡೆ, ಶೆಡ್ಡು, ಮರಗಳು ಬಿದ್ದು ತೆಲಂಗಾಣದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಸೆಕೆಯಿಂದ ತಪ್ಪಿಸಿಕೊಳ್ಳಲು ಹಾಕಿದ ತಗಡು ಹಾರಿಹೋಗಿ ಪಕ್ಕದ ಬೀದಿಯ ಯಾರದೋ ಕತ್ತಿನ ಮೇಲೆ ಬಿದ್ದರೆ ಅದಕ್ಕೆ ಜವಾಬ್ದಾರರು ಯಾರು? ಗಾಳಿಯೇ? ಒಂದೇ ದಿನದಲ್ಲಿ ಬರುವ ಎರಡು ಕಂಟಕಗಳಲ್ಲಿ ಒಂದಕ್ಕೆ ಹೆದರಿ ಇನ್ನೊಂದಕ್ಕೆ ಆಯುಧ ಒದಗಿಸುವ ಈ ಜಾಣತನವನ್ನು ಮೆಚ್ಚಲಾರೆವು. ಸ್ಲ್ಯಾಬಿಗೆ ಅಂಟಿ ಕುಳಿತ ಹೊದಿಕೆ, ಮೇಲೆ ಕಾಂಕ್ರೀಟು ಪದರು, ಅದರ ಮೇಲೆ ಬಿಳಿಯ ಟೈಲು: ಇದನ್ನು ಯಾವ ಗಾಳಿಯೂ ಎತ್ತಿಕೊಂಡು ಹೋಗುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಗಳು ನಮ್ಮಲ್ಲಿ ಈಗ ಬೀದಿಗೆ ನಾಲ್ವರು. ಅವರು ಓಕ್ಲಹೋಮಾದ ಮೂರ್ ಎಂಬ ಊರಿನ ಸಂಗತಿಯನ್ನು ಮಕ್ಕಳಿಂದ ಕೇಳಿ ತಿಳಿದುಕೊಳ್ಳಬಹುದು. ಆ ಊರಿಗೆ 1999ರಲ್ಲಿ ಸುಂಟರಗಾಳಿ ಹೊಡೆಯಿತು. 2013ರ ಮೇ 20ರಂದು ಮತ್ತೆ ಹೊಡೆದು 24 ಜನರನ್ನು ಕೊಂದಿತು. ಮರುವರ್ಷವೇ ಊರಿನ ಆಡಳಿತ ಹೊಸ ಮನೆಗಳಿಗೆ ನಿಯಮ ಬರೆಯಿತು. ಗಂಟೆಗೆ 135 ಮೈಲಿಯ ಗಾಳಿಯನ್ನು ಮನೆ ತಡೆಯಬೇಕು, ಛಾವಣಿಯನ್ನು ಗೋಡೆಗೆ ಲೋಹದ ಪಟ್ಟಿಗಳಿಂದ ಬಿಗಿಯಬೇಕು. ನಮ್ಮ ದಖ್ಖನಿನ ಬಿರುಗಾಳಿ ಅಲ್ಲಿಯ ಸುಂಟರಗಾಳಿಯ ಮುಂದೆ ಮಗುವೇ ಸರಿ. ಆದರೆ ಅವರು ಕಂಡ ಅನಾಹುತದಿಂದ ಒಂದೇ ವರ್ಷದಲ್ಲಿ ಕಲಿತರು. ನಾವು ಪ್ರತಿ ಮೇ ತಿಂಗಳೂ ಕಂಡು ಪ್ರತಿ ಜೂನಿನಲ್ಲೂ ಮರೆಯುತ್ತೇವೆ.

"ಅಷ್ಟೆಲ್ಲ ಏಕೆ, ಎ.ಸಿ. ಇದೆಯಲ್ಲ?" ಎನ್ನುವವರ ಒಂದು ದೊಡ್ಡ ಪಂಗಡವಿದೆ. ಎ.ಸಿ. ಎಂಬುದು ಒಳಗಿನ ಸೆಕೆಯನ್ನು ಎತ್ತಿ ಪಕ್ಕದ ಮನೆಯವರ ಕಿಟಕಿಗೆ ಊದುವ ಯಂತ್ರ. ಸೋರುವ ಕೊಡಕ್ಕೆ ಎರಡು ನಲ್ಲಿ ಜೋಡಿಸಿದಂತೆ, ಕಾದ ಸ್ಲ್ಯಾಬಿನ ಕೆಳಗೆ ಅದನ್ನು ರಾತ್ರಿಯೆಲ್ಲ ಓಡಿಸುವುದು. ಅದೂ ಇರಲಿ ಎಂದರೆ, ಮೇಲೆ ಹೇಳಿದ ಬಿರುಗಾಳಿ ಬಂದ ಸಂಜೆ ಮೊದಲು ಹೋಗುವುದೇ ಕರೆಂಟು. ಇನ್‌ವರ್ಟರು ಎರಡು ಫ್ಯಾನು ತಿರುಗಿಸೀತೇ ಹೊರತು ಎ.ಸಿ.ಯನ್ನಲ್ಲ. ಆಗ ಕಾದ ಹಂಚಿನ ಕೆಳಗೆ, ಬಾಗಿಲು ಕಿಟಕಿ ಮುಚ್ಚಿ, ಎಪ್ಪತ್ತೈದು ವರ್ಷದ ತಾಯಿಯನ್ನು ಮಲಗಿಸಿಕೊಂಡು ಏನು ಮಾಡುತ್ತೀರಿ?

ಇದು ಬರಿಯ ಸುಖದ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಪುಟಗಳನ್ನು ವ್ಯಯಮಾಡುತ್ತಿರಲಿಲ್ಲ. 2015ರ ಮೇ ತಿಂಗಳ ಬಿಸಿಗಾಳಿಯಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಆಂಧ್ರ ಮತ್ತು ತೆಲಂಗಾಣದವರು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು ಆಮೇಲೆ ಲೆಕ್ಕ ಹಾಕಿದಾಗ ಮಾಮೂಲಿಗಿಂತ 1,344 ಹೆಚ್ಚಾಗಿದ್ದುದು ಕಂಡುಬಂದು, ಆ ನಗರ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲ ಕಾರ್ಯಯೋಜನೆ ಮಾಡಿತು. ತೆಲಂಗಾಣ ಸರಕಾರವೂ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ, ಸತ್ತವರ ಮನೆಯವರಿಗೆ 4 ಲಕ್ಷ ರೂಪಾಯಿ ಪರಿಹಾರವೆಂದಿತು. ಸತ್ತ ಮೇಲೆ ಕೊಡುವ ಹಣ ಬೇಡವೆನ್ನುವುದಿಲ್ಲ. ಸಾಯದಂತೆ ಮಾಡುವ ಛಾವಣಿಗೆ ಅದರಲ್ಲಿ ಎಷ್ಟನೆಯ ಒಂದು ಪಾಲು ಸಾಕು ಎಂದು ಮಾತ್ರ ಯೋಚಿಸಿ ನೋಡಿರಿ.

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2023ರ ಏಪ್ರಿಲ್‌ನಲ್ಲಿ ತೆಲಂಗಾಣ 'ತಂಪು ಛಾವಣಿ' ನೀತಿಯನ್ನು ಪ್ರಕಟಿಸಿತು. ಐದು ವರ್ಷದಲ್ಲಿ 300 ಚದರ ಕಿಲೋಮೀಟರು ಛಾವಣಿ, ಅದರಲ್ಲಿ 200 ಹೈದರಾಬಾದಿನದು, ಬಿಸಿಲನ್ನು ತಿರುಗಿಸಿ ಕಳಿಸುವಂತಾಗಬೇಕು ಎಂಬ ಗುರಿ. ಕಾಗದದ ಮೇಲೆ ಭೇಷ್ ಎನ್ನಬೇಕಾದ ಮಾತು. ಆದರೆ ವಾಸದ ಮನೆಗಳಲ್ಲಿ ಇದನ್ನು ಕಡ್ಡಾಯವೆಂದದ್ದು 600 ಗಜ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೆ. ಉಳಿದವರಿಗೆ ಅವರವರ ಇಷ್ಟ. ಇನ್ನೊಂದು ಕಡೆ, 2018ರ ಕೇಂದ್ರ ಸಂಹಿತೆ 500 ಚದರ ಮೀಟರು ಮತ್ತು ಅದಕ್ಕೆ ಮೇಲಿನ ನಿವೇಶನಗಳಿಗೆಂದು ಬರೆದದ್ದು. ಮತ್ತೊಂದು ಕಡೆ, 2020ರಲ್ಲಿ ಬಂದ ಕಟ್ಟಡ ಪರವಾನಗಿಯ ಹೊಸ ಪದ್ಧತಿಯಲ್ಲಿ 500 ಚದರ ಮೀಟರಿನವರೆಗಿನ ಸಣ್ಣ ಮನೆಗೆ ಮಾಲಿಕನೇ 'ಎಲ್ಲ ಸರಿಯಿದೆ' ಎಂದು ಸ್ವಯಂ ಪ್ರಮಾಣೀಕರಿಸಿದರೆ ಅನುಮತಿ ಕೈಗೆ ಬಂತು. 75 ಗಜದವನಿಗೆ ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕಾಯಿತು. ಗಜವನ್ನು ಮೀಟರಿಗೆ ತಿರುಗಿಸಿ ನೋಡಿ: 600 ಗಜವೆಂದರೆ 500 ಚದರ ಮೀಟರು. ಮೂರು ಕಡೆಯೂ ಒಂದೇ ಗೆರೆ! ಆ ಗೆರೆಯ ಮೇಲಿರುವವನು ಎರಡು ಎ.ಸಿ. ಹೆಚ್ಚಿಗೆ ಕೊಳ್ಳಬಲ್ಲವನು. ಗೆರೆಯ ಕೆಳಗೆ ನೂರೈವತ್ತು, ಇನ್ನೂರು ಗಜದಲ್ಲಿ ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟುವ ಗುಮಾಸ್ತ, ಮೇಷ್ಟ್ರು, ಅಂಗಡಿಯವನು ಇದ್ದಾರೆ. ನಮ್ಮವರಲ್ಲಿ ಬಹುಮಂದಿ ಅಲ್ಲಿಯೇ ಇರುವವರು. ಬಿಸಿಲು ಮಾತ್ರ ಗಜ ಅಳೆದು ಬೀಳುವುದಿಲ್ಲ.

ಪ್ರಯೋಗವಾಗಿಲ್ಲ, ಫಲ ಗೊತ್ತಿಲ್ಲ ಎಂದು ನುಣುಚಿಕೊಳ್ಳುವುದಕ್ಕೂ ದಾರಿಯಿಲ್ಲ. ಗಚ್ಚಿಬೌಲಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಜೊತೆ ಇದೇ ಊರಿನ ಕಚೇರಿ ಕಟ್ಟಡಗಳ ಮೇಲೆ ಅಳೆದು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಪ್ಪು ಛಾವಣಿಗೆ ಬಿಳಿ ಬಳಿದರೆ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್ ವಿದ್ಯುತ್ತು ಉಳಿಯುತ್ತದೆ. ಬರಿಯ ಕಾಂಕ್ರೀಟಾದರೆ 13-14. 2017ರಲ್ಲಿ ನಗರದ ದೇವರಕೊಂಡ ಬಸ್ತಿಯ 25 ಬಡಮನೆಗಳ ಮೇಲೆ ಬಿಳಿಯ ಹಾಳೆ ಹೊದಿಸಿ ನೋಡಿದಾಗ ಒಳಗಿನ ಸೆಕೆ ಸರಾಸರಿ ಎರಡು ಡಿಗ್ರಿ ಇಳಿಯಿತು. ಎರಡು ಡಿಗ್ರಿ ಏನು ಮಹಾ ಎನ್ನುವವರು ಮಗುವಿನ ಜ್ವರವನ್ನು ನೆನೆಯಬೇಕು.

ಈಗ ಫ್ಲ್ಯಾಟುಗಳ ವಿಚಾರಕ್ಕೆ ಬರೋಣ, ಏಕೆಂದರೆ ನಿಜವಾದ ಜಗಳವಿರುವುದು ಅಲ್ಲಿ. ಐದಂತಸ್ತಿನ ಕಟ್ಟಡದಲ್ಲಿ ಬಿಸಿಲು ತಿನ್ನುವವರು ಐದನೆಯ ಅಂತಸ್ತಿನ ನಾಲ್ಕು ಮನೆಯವರು. ಅವರು ಸಭೆಯಲ್ಲಿ ಎದ್ದುನಿಂತು ಛಾವಣಿಗೆ ಹೊದಿಕೆ ಹಾಕಿಸೋಣವೆಂದರೆ ಕೆಳಗಿನ ಹದಿನಾರು ಮನೆಯವರು ಒಮ್ಮೆಲೇ ವೇದಾಂತಿಗಳಾಗುತ್ತಾರೆ. "ನೀವು ಮೇಲೆ ಕೊಂಡದ್ದು ಬೆಲೆ ಕಡಿಮೆಯೆಂದು ತಾನೇ?" ಎಂಬ ಮಾತೂ ಬರುತ್ತದೆ. ಅದೇ ಹದಿನಾರು ಮನೆಯವರು ಗೇಟಿಗೆ ಗ್ರಾನೈಟು ಹೊದಿಸಲು, ಲಿಫ್ಟಿನಲ್ಲಿ ಕನ್ನಡಿ ಕೂರಿಸಲು ಹತ್ತು ಸಾವಿರ ಕೇಳಿದರೆ ಮರುಮಾತಿಲ್ಲದೆ ಕೊಡುತ್ತಾರೆ. ಸ್ವಾಮಿ, 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ಟೆರೇಸು ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. ಸಂಡಿಗೆ ಒಣಗಿಸುವಾಗ, ಪಟ ಹಾರಿಸುವಾಗ, ಮಗಳ ನಿಶ್ಚಿತಾರ್ಥಕ್ಕೆ ಶಾಮಿಯಾನಾ ಹಾಕುವಾಗ ಅದು ಎಲ್ಲರದು. ಕಾಯುವಾಗ ಮಾತ್ರ ಐದನೆಯ ಅಂತಸ್ತಿನವರದೇ? ಸ್ಲ್ಯಾಬು ದಿನವೂ ಕಾದು ಉಬ್ಬಿ ರಾತ್ರಿ ಕುಗ್ಗಿದರೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಕಬ್ಬಿಣ ತಿಂದು, ಗೋಡೆಗುಂಟ ಕೆಳಗಿನವರ ವಾರ್ಡ್‌ರೋಬಿಗೂ ಬಂದೇ ಬರುತ್ತದೆ.

ಇಲ್ಲಿಯವರೆಗೆ ಮನೆ ಕೊಳ್ಳುವವರ ಮಾತಾಯಿತು. ಮನೆ ಕಟ್ಟುವವರ ಮಾತನ್ನು ಆಡದೆ ಹೋದರೆ ಈ ಪತ್ರಿಕೆಗೆ ಕನ್ನಡದ ಹೆಸರು ಹೇಳುವ ಹಕ್ಕಿರದು. ನಮ್ಮ ಹೊಸ ಬಡಾವಣೆಗಳಲ್ಲಿ ಕಬ್ಬಿಣ ಕಟ್ಟುವ, ಇಟ್ಟಿಗೆ ಹೊರುವ ಕೂಲಿಯವರಲ್ಲಿ ಪಾಲಮೂರಿನವರ, ಒಡಿಶಾದವರ ಜೊತೆ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗರೂ ಇದ್ದಾರೆ. ರಾಜ್ಯೋತ್ಸವದ ವೇದಿಕೆಗೆ ಅವರು ಬರುವುದಿಲ್ಲ, ನಾವು ಕರೆಯುವುದೂ ಇಲ್ಲ. ಅವರು ಇರುವುದು ಕಟ್ಟಡದ ಮಗ್ಗುಲಲ್ಲೇ ಎಬ್ಬಿಸಿದ ತಗಡಿನ ಶೆಡ್ಡಿನಲ್ಲಿ. ಗೋಡೆಯೂ ತಗಡು, ಮಾಡೂ ತಗಡು, ಕಿಟಕಿ ಇಲ್ಲ. ಹಗಲು ಬಿಸಿಲಿನಲ್ಲಿ ದುಡಿದು ಬಂದವರು ರಾತ್ರಿ ಅದರೊಳಗೆ ಬೇಯುತ್ತಾರೆ. 2024ರ ಮೇ 7ರ ಸಂಜೆ ಬಾಚುಪಲ್ಲಿಯಲ್ಲಿ ಗಾಳಿಮಳೆಗೆ ಕಟ್ಟಡವೊಂದರ ತಡೆಗೋಡೆ ಇಂಥ ಶೆಡ್ಡುಗಳ ಮೇಲೆ ಕುಸಿದು, ಒಂದು ಮಗುವೂ ಸೇರಿ ಏಳು ಜನ ಸತ್ತರು; ಒಡಿಶಾದಿಂದ, ಛತ್ತೀಸಗಢದಿಂದ ಹೊಟ್ಟೆಪಾಡಿಗೆ ಬಂದವರು. ನಾಳೆ ಅಲ್ಲಿ ಯಾದಗಿರಿಯವರೇ ಇರಬಹುದು. 1996ರ ಕಟ್ಟಡ ಕಾರ್ಮಿಕರ ಕಾಯಿದೆ, ಮಾಲಿಕನೇ ತನ್ನ ಖರ್ಚಿನಲ್ಲಿ ಇವರಿಗೆ ತಾತ್ಕಾಲಿಕ ವಸತಿ ಕೊಡಬೇಕೆಂದಿತ್ತು. ಆ ವಸತಿ ಮನುಷ್ಯರು ಬದುಕಿ ಉಳಿಯುವಂಥದಾಗಿರಬೇಕು ಎಂದು ಕೇಳುವ ಶಕ್ತಿ ಆ ಕೂಲಿಗಿಲ್ಲ, ಫ್ಲ್ಯಾಟಿಗೆ ಮುಂಗಡ ಕಟ್ಟಿದ ನಿಮಗಿದೆ. ಕಾಮಗಾರಿ ನೋಡಲು ಭಾನುವಾರ ಹೋದಾಗ ಮಾದರಿ ಫ್ಲ್ಯಾಟಿನಲ್ಲಿ ಫೋಟೋ ತೆಗೆಸಿಕೊಂಡ ಮೇಲೆ ಹತ್ತು ಹೆಜ್ಜೆ ನಡೆದು ಆ ಶೆಡ್ಡಿನೊಳಗೆ ಐದು ನಿಮಿಷ ನಿಂತು ಬನ್ನಿ. ತಗಡಿನ ಮೇಲೆ ಸುಣ್ಣ ಬಳಿಸು, ಶೆಡ್ಡನ್ನು ಗೋಡೆಯಿಂದ ದೂರ ಹಾಕಿಸು, ತಗಡನ್ನು ಕಲ್ಲಿನಿಂದಲ್ಲ ಬೋಲ್ಟಿನಿಂದ ಬಿಗಿಸು ಎಂದು ಬಿಲ್ಡರನಿಗೆ ಕನ್ನಡದಲ್ಲಾದರೂ ಹೇಳಿ, ತೆಲುಗಿನಲ್ಲಾದರೂ ಹೇಳಿ.

ಮಾಡಬೇಕಾದದ್ದು ಇಷ್ಟು. ಹೊಸದಾಗಿ ಕಟ್ಟಿಸುವವರು ಸ್ಲ್ಯಾಬಿನ ಮೇಲೆ ಮೊದಲು ನೀರು ತಡೆಯುವ ಪದರು, ಅದರ ಮೇಲೆ ಎರಡಂಗುಲದ ಹಲಗೆ, ಅದರ ಮೇಲೆ ಇಳಿಜಾರು ಕೊಟ್ಟ ಕಾಂಕ್ರೀಟು, ಕೊನೆಗೆ ಬಿಳಿಯ ಟೈಲು ಎಂಬ ಕ್ರಮವನ್ನು ಕರಾರುಪತ್ರದಲ್ಲೇ ಬರೆಸಬೇಕು. ಹಲಗೆ ಹಾಕಿದರೆ ಸೋರುತ್ತದೆ ಎಂದು ಮೇಸ್ತ್ರಿ ಹೆದರಿಸಿದರೆ ನಂಬಬೇಡಿ; ಬಿಸಿಲು ತಾಗದ ಕಾರಣ ಕೆಳಗಿನ ಪದರು ಹೆಚ್ಚು ಕಾಲ ಬಾಳುತ್ತದೆ. ಪಶ್ಚಿಮದ ಗೋಡೆಗೆ ಗಾಜು ಬೇಡ, ಹಗುರ ಬ್ಲಾಕು ಮತ್ತು ಕಿಟಕಿಯ ಮೇಲೆ ಎರಡಡಿ ಸಜ್ಜ ಇರಲಿ. ಕಟ್ಟಿದ ಮನೆಯವರಿಗೆ ಬಿಳಿ ಬಣ್ಣವೇ ಸುಲಭ. ಅದು ಶಾಶ್ವತವಲ್ಲ ಎಂಬ ಆಕ್ಷೇಪ ನಿಜ. ಈ ಊರಿನ ಧೂಳಿಗೆ ಒಂದೆರಡು ವರ್ಷದಲ್ಲಿ ಅದರ ಬಿಳುಪು ಕುಂದುತ್ತದೆ, ಬೇಸಿಗೆಗೆ ಮೊದಲು ತೊಳೆಯಬೇಕು, ಆಗಾಗ ಮತ್ತೆ ಬಳಿಯಬೇಕು. ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ ಜನಕ್ಕೆ ಇದು ಹೊಸ ಕೆಲಸವೇನಲ್ಲ. ಅಷ್ಟಕ್ಕೂ ಅನುಕೂಲವಿಲ್ಲದವರು ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಸಿದರೂ ಆ ಬೇಸಿಗೆ ಕಳೆಯುತ್ತದೆ. ಶಿವರಾತ್ರಿ ದಾಟಿದರೆ ಮೇಸ್ತ್ರಿಗಳು ಕೈಗೆ ಸಿಗುವುದಿಲ್ಲ, ಸಿಕ್ಕರೂ ದರ ಏರಿರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗಲೇ ಅಪಾರ್ಟ್‌ಮೆಂಟಿನ ಸಭೆ ಕರೆದು, ಗೇಟಿನ ಗ್ರಾನೈಟಿಗಿಂತ ಮೊದಲು ಛಾವಣಿಯ ವಿಷಯವನ್ನು ಎತ್ತಿರಿ. ಮೇಲಿನ ನಾಲ್ಕು ಮನೆಯವರಲ್ಲ, ಕೆಳಗಿನವರೊಬ್ಬರು ಎತ್ತಿದರೆ ಹೆಚ್ಚು ಬೇಗ ಪಾಸಾಗುತ್ತದೆ.